ವಾಸಿಯಾಗದವರ ದೇವರು

ಫ್ರಾನ್ಸಿನ ಪಿರನೀಸ್ ಬೆಟ್ಟಸಾಲಿನ ಬುಡದಲ್ಲಿರುವ ಲೂರ್ದ್ ಎಂಬ ಊರಿಗೆ ಪ್ರತಿ ವರ್ಷ ಲಕ್ಷಗಟ್ಟಲೆ ಜನ ತಮ್ಮ ಕಾಯಿಲೆ ಕಸಾಲೆಗಳನ್ನು ಹೊತ್ತುಕೊಂಡು ಹೋಗುತ್ತಾರೆ. 1858ರ ಫೆಬ್ರವರಿ 11ರಂದು ಅಲ್ಲಿನ ಗುಹೆಯೊಂದರ ಬಳಿ ಮರಿಯಮ್ಮನವರ ದರ್ಶನವಾಯಿತೆಂದು ಹೇಳಿದವಳು ಬರ್ನದೆತ್ ಸುಬಿರೂ. ಆಗ ಅವಳಿಗೆ 14 ವರ್ಷ. ಅಪ್ಪ ಹಿಟ್ಟಿನ ಗಿರಣಿ ಕಳೆದುಕೊಂಡು ಬರಿಗೈಯಾಗಿದ್ದ. ಸಂಸಾರವೆಲ್ಲ ಕೈಬಿಟ್ಟ ಹಳೇ ಜೈಲಿನ ಒಂದು ಕೋಣೆಯಲ್ಲಿತ್ತು. ಕಾಲರಾ ಬಂದು ಹೇಗೋ ಉಳಿದಿದ್ದ ಹುಡುಗಿಗೆ ಉಬ್ಬಸ ಗಂಟುಬಿದ್ದಿತ್ತು. ಮೊದಲ ದರ್ಶನವಾದ ಎರಡು ವಾರಕ್ಕೆ ಅವಳು ಕೆಸರು ಕೆದಕಿದ ಜಾಗದಲ್ಲಿ ಬುಗ್ಗೆಯೊಂದು ಚಿಮ್ಮಿತು. ಆ ನೀರು ಮುಟ್ಟಿ ಗುಣವಾಯಿತು ಎನ್ನುವವರು ಅಂದಿನಿಂದ ಇಂದಿನವರೆಗೂ ಇದ್ದಾರೆ.

ಬರ್ನದೆತ್‌ಗೆ ಮಾತ್ರ ಗುಣವಾಗಲಿಲ್ಲ. 1866ರಲ್ಲಿ ಅವಳು ನೆವೇರ್ ಊರಿನ ಕನ್ಯಾಮಠ ಸೇರಿದಳು. ಅಲ್ಲಿ ರೋಗಿಗಳ ಆರೈಕೆಯ ಕೆಲಸ ಮಾಡಿದಳು, ಆಮೇಲೆ ತಾನೇ ರೋಗಿಯಾದಳು. ಉಬ್ಬಸದ ಜೊತೆಗೆ ಮಂಡಿಯ ಮೂಳೆಗೆ ಕ್ಷಯ ಹತ್ತಿತು. ಮಠದಲ್ಲಿ ನಿನ್ನ ಕೆಲಸವೇನು ಎಂದು ಕೇಳಿದರೆ, ಕಾಯಿಲೆ ಬೀಳುವುದೇ ನನ್ನ ಕೆಲಸ ಎಂಬರ್ಥದಲ್ಲಿ ತಮಾಷೆ ಮಾಡುತ್ತಿದ್ದಳಂತೆ. ಲೂರ್ದಿನ ಬುಗ್ಗೆ ತನಗಲ್ಲ ಎಂದೂ ಹೇಳಿದ್ದಳೆಂಬ ಪ್ರತೀತಿಯಿದೆ. 1879ರ ಏಪ್ರಿಲ್ 16ರಂದು, 35ನೇ ವಯಸ್ಸಿನಲ್ಲಿ ತೀರಿಕೊಂಡಳು. 1933ರಲ್ಲಿ ಚರ್ಚು ಅವಳನ್ನು ಸಂತಳೆಂದು ಘೋಷಿಸಿತು.

ಕ್ರೈಸ್ತ ನಂಬಿಕೆ ಕಾಯಿಲೆಯವರಿಗೆ ಏನು ಕೊಡುತ್ತದೆ ಎಂದು ಕೇಳುವವರು ಇವಳಿಂದ ಆರಂಭಿಸುವುದು ಒಳ್ಳೆಯದು. ಏಕೆಂದರೆ ಪವಾಡದ ಕಥೆಗಳಿಂದ ಹೊರಟರೆ ಲೆಕ್ಕ ಬೇಗ ತಪ್ಪುತ್ತದೆ. ಲೂರ್ದಿನಲ್ಲಿ 1883ರಿಂದಲೂ ವೈದ್ಯಕೀಯ ಕಚೇರಿಯೊಂದಿದೆ. ಗುಣವಾಯಿತೆಂದು ಬಂದವರ ಕಾಗದಪತ್ರಗಳನ್ನು ಅಲ್ಲಿ ವೈದ್ಯರು ಜಾಲಾಡುತ್ತಾರೆ. ದಾಖಲಾದ ಹೇಳಿಕೆಗಳು ಏಳು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಪವಾಡವೆಂದು ಚರ್ಚು ಒಪ್ಪಿದ 70ನೆಯ ಪ್ರಕರಣ ಬಂದದ್ದು 2018ರಲ್ಲಿ. ಅಲ್ಲಿಯವರೆಗಿನ ಒಂದೂವರೆ ಶತಮಾನಕ್ಕೆ ಎಪ್ಪತ್ತು! ಚರ್ಚೇ ಹಾಕಿದ ಈ ಲೆಕ್ಕ ಹೋಗುವವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೋಗುತ್ತಾರೆ. ಬೇರೆಲ್ಲ ಕಡೆ ಕೊನೆಯ ಸಾಲಿಗೆ ಸರಿಸಲ್ಪಡುವ ಗಾಲಿಕುರ್ಚಿ ಅಲ್ಲಿ ಮೊದಲ ಸಾಲಿನಲ್ಲಿರುತ್ತದೆ. ರೋಗಿಯನ್ನು ತಳ್ಳಿಕೊಂಡು ಹೋಗಲು, ಸ್ನಾನಕ್ಕೆ ಇಳಿಸಲು ತಮ್ಮ ರಜೆಯಲ್ಲಿ, ತಮ್ಮದೇ ಖರ್ಚಿನಲ್ಲಿ ಬಂದ ಸ್ವಯಂಸೇವಕರಿರುತ್ತಾರೆ. ವರ್ಷವಿಡೀ ಮನೆಯವರಿಗೆ ಹೊರೆಯಾದೆನಲ್ಲಾ ಎಂದು ಕೊರಗಿದವರು ಅಲ್ಲಿ ನಾಲ್ಕು ದಿನ ಮೆರವಣಿಗೆಯ ಮುಂದೆ ಸಾಗುತ್ತಾರೆ. ಬಂದ ಕಾಯಿಲೆ ಹಾಗೇ ಮನೆಗೆ ಮರಳಿದರೂ ಹೋದದ್ದು ದಂಡವಾಯಿತು ಎನ್ನುವವರು ಕಡಿಮೆ.

ನಮ್ಮಲ್ಲಿ ವೇಳಾಂಕಣಿಯ ಆರೋಗ್ಯಮಾತೆಗೆ, ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿಗೆ, ಬೆಂಗಳೂರು ಶಿವಾಜಿನಗರದ ಮರಿಯಮ್ಮನವರಿಗೆ ಹರಕೆ ಹೊರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಲೋಹದ ಕಣ್ಣು, ಕೈ, ಕಾಲು ಮಾಡಿಸಿ ಒಪ್ಪಿಸುವ ಪದ್ಧತಿ ನಮ್ಮ ದೇವಸ್ಥಾನಗಳಲ್ಲೂ ಉಂಟು, ವೇಳಾಂಕಣಿಯಲ್ಲೂ ಉಂಟು. ಕಷ್ಟ ಬಂದಾಗ ಜನ ದೇವರ ಬಾಗಿಲು ಬಡಿಯುವ ರೀತಿ ಹೆಚ್ಚುಕಮ್ಮಿ ಒಂದೇ. ಆದರೆ ಬಾಗಿಲು ತೆರೆಯದಿದ್ದಾಗ ಏನಾಗುತ್ತದೆ ಎಂಬಲ್ಲಿಂದ ಕ್ರೈಸ್ತರ ದಾರಿ ಸ್ವಲ್ಪ ಬೇರೆಯಾಗುತ್ತದೆ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ಹುಟ್ಟುಕುರುಡ ಎದುರಾಗುತ್ತಾನೆ. ಅವನನ್ನು ಕಂಡೊಡನೆ ಶಿಷ್ಯರಿಗೆ ಬರುವ ಪ್ರಶ್ನೆ, ಇದು ಯಾರು ಮಾಡಿದ ಪಾಪ, ಇವನದೋ ಇವನ ತಂದೆತಾಯಿಯದೋ ಎಂದು. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ನಮ್ಮ ಕಡೆ ಕಾಯಿಲೆಯವರ ಮುಂದೆ ಕೂತು ‘ಯಾವ ಜನ್ಮದ ಪಾಪವೋ’ ಎಂದು ನಿಟ್ಟುಸಿರು ಬಿಡುವ ನೆಂಟರಿಗೆ ಈ ಉತ್ತರ ರುಚಿಸಲಿಕ್ಕಿಲ್ಲ. ಇಂಥ ನೆಂಟರು ಕ್ರೈಸ್ತರ ಮನೆಗಳಲ್ಲೂ ಧಾರಾಳವಾಗಿದ್ದಾರೆ, ಮಾತಿನ ಧಾಟಿ ಮಾತ್ರ ಬೇರೆ. ಸಕ್ಕರೆ ಕಾಯಿಲೆಗೋ ಕ್ಯಾನ್ಸರಿಗೋ ಸಿಕ್ಕಿದವರು ನೋವಿನಷ್ಟೇ ತಪ್ಪಿತಸ್ಥ ಭಾವನೆಯಲ್ಲೂ ಬೇಯುತ್ತಾರೆ. ನಾನೇನು ಮಾಡಿದ್ದೆ, ಯಾರ ಶಾಪ ತಟ್ಟಿತು ಎಂಬ ವಿಚಾರಣೆ ಒಳಗೊಳಗೇ ನಡೆಯುತ್ತಿರುತ್ತದೆ. ಆ ವಿಚಾರಣೆಯನ್ನೇ ರದ್ದು ಮಾಡುವ ಮಾತೊಂದು ಸುವಾರ್ತೆಯೊಳಗೇ ಇರುವುದು ಸಣ್ಣ ಸಂಗತಿಯಲ್ಲ.

ಯೋಬನ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಸ್ತಿ ಹೋಯಿತು, ಮಕ್ಕಳು ಹೋದರು, ಮೈತುಂಬ ಹುಣ್ಣೆದ್ದಿತು. ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಿದ್ದ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಬಿಡದೆ ಕೂರುತ್ತಾರೆ. ಅಲ್ಲಿಗೆ ಎದ್ದು ಹೋಗಿದ್ದರೆ ಅವರಷ್ಟು ಒಳ್ಳೆಯ ಗೆಳೆಯರು ಬೈಬಲಿನಲ್ಲಿ ಮತ್ತೊಬ್ಬರಿರುತ್ತಿರಲಿಲ್ಲ. ಎಂಟನೇ ದಿನದಿಂದ ಉಪದೇಶ ಶುರು. ದೇವರು ಅನ್ಯಾಯ ಮಾಡುವವನಲ್ಲ, ನೀನೇ ಏನೋ ಮಾಡಿರಬೇಕು, ಒಪ್ಪಿಕೊ, ಸರಿಹೋಗುತ್ತದೆ ಎಂದು ಅಧ್ಯಾಯದ ಮೇಲೆ ಅಧ್ಯಾಯ. ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಕೊನೆಗೆ ದೇವರು ಮಾತಾಡಿದಾಗ ಯೋಬನ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ಆದರೆ ದೇವರ ಸಿಟ್ಟು ತಿರುಗುವುದು ತನ್ನ ಪರವಾಗಿ ವಕಾಲತ್ತು ಮಾಡಿದ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪಾಗುತ್ತದೆ.

ಇಷ್ಟನ್ನು ಓದಿಕೊಂಡವರಿಗೆ, ಹಾಸಿಗೆಯ ಮೇಲೆ ದೇವರನ್ನು ಬೈಯುವುದು ನಂಬಿಕೆಯ ಒಳಗಿನದೇ ವ್ಯವಹಾರ. ಕೀರ್ತನೆಗಳ ಗ್ರಂಥದ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಮೊರೆ. ಬಹುತೇಕ ಮೊರೆಗಳು ಕೊನೆಗೊಂದು ಭರವಸೆಯ ದಡ ಮುಟ್ಟುತ್ತವೆ. 88ನೆಯದು ಮುಟ್ಟುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನೂ ತೆಗೆಯದೆ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿಸಿಕೊಂಡ ಪೂರ್ವಜರ ಎದೆಗಾರಿಕೆ ನನಗೆ ಬಹಳ ಹಿಡಿಸುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ, ದೇವರು ಕೈಬಿಟ್ಟನೆಂಬ ದೂರನ್ನು. ಮಿಷನ್ ಆಸ್ಪತ್ರೆಗಳ ವಾರ್ಡಿನ ಗೋಡೆಗೆ ಶಿಲುಬೆ ಇರುತ್ತದಲ್ಲ, ಕೆಳಗೆ ಮಲಗಿದ ರೋಗಿಗಿಂತ ಮೇಲೆ ತೂಗುವ ದೇವರ ಸ್ಥಿತಿಯೇ ಕೆಟ್ಟದಾಗಿರುತ್ತದೆ. ಮೂರನೇ ದಿನ ಎದ್ದು ಬಂದ ಮೇಲೂ ಅವನ ಕೈಯ ಮೊಳೆಯ ಗಾಯ ಮಾಯ್ದಿರಲಿಲ್ಲ ಎನ್ನುತ್ತದೆ ಸುವಾರ್ತೆ. ನೋವನ್ನು ವಿವರಿಸುವ ದೇವರಿಗಿಂತ ನೋವು ಗೊತ್ತಿರುವ ದೇವರು ರಾತ್ರಿ ಎರಡು ಗಂಟೆಗೆ ಹೆಚ್ಚು ಉಪಯೋಗಕ್ಕೆ ಬರುತ್ತಾನೆ ಎಂದು ಉದ್ದನೆಯ ಕಾಯಿಲೆಯಿಂದ ಎದ್ದವರು ಹೇಳುವುದನ್ನು ಕೇಳಿದ್ದೇನೆ.

ಸಂತ ಪೌಲನದೂ ಇದೇ ಪಾಡು. ತನ್ನ ಮೈಗೆ ಚುಚ್ಚಿದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದೆ ಎಂದು ಕೊರಿಂಥದವರಿಗೆ ಬರೆಯುತ್ತಾನೆ. ಅದು ಕಣ್ಣಿನ ತೊಂದರೆಯೋ, ಮಲೇರಿಯಾವೋ, ಮೂರ್ಛೆರೋಗವೋ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಮುಳ್ಳು ಮಾತ್ರ ಹೋಗಲಿಲ್ಲ. ಅದರೊಂದಿಗೇ ನಡೆಯುವಷ್ಟು ಬಲ ಸಿಕ್ಕಿತು ಎನ್ನುತ್ತಾನೆ.

ವೆಲ್ಲೂರಿನಲ್ಲಿ ಇದೇ ಪಾಠವನ್ನು ಒಬ್ಬ ವೈದ್ಯೆ ಗಾಲಿಕುರ್ಚಿಯಲ್ಲಿ ಕೂತು ಕಲಿತರು. ಕೋಲಾರ, ಬೆಂಗಳೂರು ಕಡೆಯವರಿಗೆ ವೆಲ್ಲೂರು ಹೊಸದಲ್ಲ. ಊರ ಡಾಕ್ಟರು ಕೈಚೆಲ್ಲಿದಾಗ ‘ಒಂದ್ಸಲ ವೆಲ್ಲೂರಿಗೆ ತೋರಿಸಿಬಿಡಿ’ ಎನ್ನುವ ಮಾತನ್ನು ಕೇಳದ ಮನೆ ಕಡಿಮೆ. ಅಮೆರಿಕದ ಐಡಾ ಸ್ಕಡರ್ 1900ರಲ್ಲಿ ಒಂದು ಹಾಸಿಗೆಯ ಚಿಕಿತ್ಸಾಲಯವಾಗಿ ಶುರುಮಾಡಿದ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಕೇರಳದ ಹುಡುಗಿ ಮೇರಿ ವರ್ಗೀಸ್. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೊರಸಂಚಾರಕ್ಕೆ ಹೊರಟಿದ್ದಾಗ ವಾಹನ ಅಪಘಾತಕ್ಕೀಡಾಗಿ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು, ಮುಖದ ಮೇಲೂ ಗಾಯದ ಗುರುತು ಉಳಿಯಿತು. ಆಗಿನ್ನೂ ಅವರಿಗೆ ಮೂವತ್ತು ತುಂಬಿರಲಿಲ್ಲ.

ಮುಂದಿನ ದಾರಿ ತೋರಿಸಿದವರು ಅಲ್ಲಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ಕೊಲ್ಲಿಮಲೆಯಲ್ಲಿ 1914ರಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದ ಈ ಬ್ರಿಟಿಷ್ ವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಮೊಂಡಾದ ಕೈಗಳ ಮೇಲೆ ಕೆಲಸ ಮಾಡುತ್ತಿದ್ದರು. ಕುಷ್ಠದಲ್ಲಿ ಬೆರಳು ಕೊಳೆತು ಬೀಳುತ್ತದೆ ಎಂಬುದು ಅಂದಿನ ತಿಳಿವಳಿಕೆ. ರೋಗ ನರವನ್ನು ಕೊಲ್ಲುತ್ತದೆ, ನೋವೇ ತಿಳಿಯದ ಕಾರಣ ರೋಗಿ ತನ್ನ ಬೆರಳನ್ನು ತಾನೇ ಹಾಳುಮಾಡಿಕೊಳ್ಳುತ್ತಾನೆ ಎಂದು ತೋರಿಸಿಕೊಟ್ಟವರು ಅವರು. ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರ್ಯಾಂಡ್ ಹೆಣಗುತ್ತಿದ್ದಾಗ ಸಣ್ಣ ಹುಡುಗನೊಬ್ಬ ಬಂದು ಸಲೀಸಾಗಿ ತಿರುಗಿಸಿಕೊಟ್ಟ. ನೋಡಿದರೆ ಅವನ ಬೆರಳು ಮೂಳೆ ಕಾಣುವಷ್ಟು ಸೀಳಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ. ರಾತ್ರಿ ಮಲಗಿದವರ ಬೆರಳುಗಳು ಬೆಳಗಾಗುವಷ್ಟರಲ್ಲಿ ಕಾಣೆಯಾಗುವುದಕ್ಕೆ ಕಾರಣ ಇಲಿಗಳು ಎಂದು ಪತ್ತೆಯಾದ ಮೇಲೆ ರೋಗಿಗಳಿಗೆ ಔಷಧಿಯ ಜೊತೆ ಬೆಕ್ಕುಗಳನ್ನೂ ಕೊಟ್ಟು ಕಳಿಸಿದರು.

ನಿಂತು ಮಾಡುವ ಶಸ್ತ್ರಚಿಕಿತ್ಸೆ ಆಗದಿದ್ದರೇನು, ಕೈಯ ಶಸ್ತ್ರಚಿಕಿತ್ಸೆಯನ್ನು ಕೂತು ಮಾಡಬಹುದಲ್ಲ ಎಂದು ಬ್ರ್ಯಾಂಡ್ ಮೇರಿಗೆ ಸೂಚಿಸಿದರು. ಕಾಲಿಲ್ಲದ ವೈದ್ಯೆ ಕೈಯಿಲ್ಲದವರಿಗೆ ಕೈ ಕೊಡಲು ಕೂತರು. ಕುಷ್ಠರೋಗಿಗಳನ್ನು ಮುಟ್ಟುವುದಿರಲಿ, ಹತ್ತಿರಕ್ಕೂ ಬಿಟ್ಟುಕೊಳ್ಳದ ಕಾಲ ಅದು. ತಮಗಿಂತ ಹೆಚ್ಚು ಕಳೆದುಕೊಂಡವರೊಬ್ಬರು ಎದುರು ಕೂತು ತಮ್ಮ ಬೆರಳು ಬಿಡಿಸುತ್ತಿರುವುದನ್ನು ಕಂಡಾಗ ಆ ರೋಗಿಗಳಿಗೆ ಏನನ್ನಿಸಿರಬಹುದೆಂದು ಊಹಿಸಿಕೊಳ್ಳಬಹುದು. ಆಮೇಲೆ ಮೇರಿ ಆಸ್ಟ್ರೇಲಿಯಾದಲ್ಲಿ ಚಿಕಿತ್ಸೆ ಪಡೆದರು, ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ವೈದ್ಯಕೀಯ ಕಲಿತು ಬಂದರು. ಬೆನ್ನುಹುರಿ ಮುರಿದವರನ್ನು ಒಳರೋಗಿಗಳಾಗಿ ಇರಿಸಿಕೊಂಡು ಮತ್ತೆ ಬದುಕಿಗೆ ಅಣಿಗೊಳಿಸುವ ಕೇಂದ್ರ ವೆಲ್ಲೂರಿನಲ್ಲಿ 1966ರಲ್ಲಿ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಳ್ಳುವವರೆಗೂ ಅವರು ಎದ್ದು ನಡೆಯಲಿಲ್ಲ. ಅವರ ಮಟ್ಟಿಗೆ ಪ್ರಾರ್ಥನೆಗೆ ಸಿಕ್ಕ ಉತ್ತರ ಕಾಲಲ್ಲ, ಕೆಲಸ. ಹೀಗೆಂದು ಅವರೇ ನಂಬಿದ್ದರು ಎಂಬುದು ಮುಖ್ಯ. ಪಕ್ಕದಲ್ಲಿ ನಿಂತವರು ಇದನ್ನೇ ಅವರಿಗೆ ಬೋಧಿಸಿದ್ದರೆ ಅದು ಯೋಬನ ಗೆಳೆಯರ ಮಾತಾಗುತ್ತಿತ್ತು.

ಬ್ರ್ಯಾಂಡ್ ಮುಂದೆ ಫಿಲಿಪ್ ಯಾನ್ಸಿ ಎಂಬ ಲೇಖಕರ ಜೊತೆ ಸೇರಿ, ನೋವು ಯಾರಿಗೂ ಬೇಡವಾದ ಉಡುಗೊರೆ ಎಂದು ಪುಸ್ತಕವನ್ನೇ ಬರೆದರು. ಕುಷ್ಠರೋಗಿಗಳ ನಡುವೆ ಬಾಳು ಸವೆಸಿದವರಿಗೆ ಆ ಮಾತನ್ನು ಹೇಳುವ ಅಧಿಕಾರವಿದೆ. ಆದರೂ ಇಲ್ಲಿ ನನ್ನದೊಂದು ತಕರಾರು. ಕಳ್ಳ ನುಗ್ಗಿದಾಗ ಬೊಗಳುವ ನಾಯಿ ಉಪಕಾರಿಯೇ. ಮನೆಯೆಲ್ಲ ದೋಚಿಹೋದ ಮೇಲೂ ಹಗಲು ರಾತ್ರಿ ಬೊಗಳುತ್ತಲೇ ಇದ್ದರೆ? ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವು ಯಾವ ಎಚ್ಚರಿಕೆಯನ್ನೂ ಕೊಡುತ್ತಿರುವುದಿಲ್ಲ. ಅದನ್ನು ಉಡುಗೊರೆ ಎಂದು ಆ ರೋಗಿಯ ಮುಂದೆ ಹೇಳುವುದು ಕ್ರೌರ್ಯ.

ನೋವನ್ನು ಪುಣ್ಯವೆಂದು ಕೊಂಡಾಡುವ ಚಾಳಿ ಕ್ರೈಸ್ತರಲ್ಲಿ ಇಲ್ಲವೆಂದೇನಲ್ಲ. ಮದರ್ ತೆರೇಸಾ ಅವರ ಕಲ್ಕತ್ತೆಯ ಆಶ್ರಮದಲ್ಲಿ ಸಾಯುತ್ತಿರುವವರಿಗೆ ಬಲವಾದ ನೋವುನಿವಾರಕಗಳಿಲ್ಲ ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲಿ ಬರೆದದ್ದು ಸುಳ್ಳು ದೂರಲ್ಲ. ಆದರೆ ಅದೇ ನಂಬಿಕೆ ಮಾರ್ಫಿನ್ ಬಾಟಲಿ ಹಿಡಿದು ಬಂದದ್ದೂ ಉಂಟು. ನೋವು ತಗ್ಗಿಸುವ ಮದ್ದಿನಿಂದ ಆಯುಷ್ಯ ಸ್ವಲ್ಪ ಕಡಿಮೆಯಾಗುವಂತಿದ್ದರೂ, ನೋವು ತಗ್ಗಿಸುವುದೇ ಉದ್ದೇಶವಾದರೆ ಕೊಡಬಹುದು ಎಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ಅರಿವಳಿಕೆ ವೈದ್ಯರಿಗೆ ಹೇಳಿದ್ದರು. ಅದರ ಮರುವರ್ಷ, ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಲಂಡನ್ನಿನ ಸೇಂಟ್ ಜೋಸೆಫ್ಸ್ ಹಾಸ್ಪೀಸಿನಲ್ಲಿ ಕೆಲಸಕ್ಕೆ ಸೇರಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿದ್ದು, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜಸೇವಕಿಯಾಗಿ, ಆಮೇಲೆ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿದ ಹಟಮಾರಿ.

ಅಂದಿನ ಆಸ್ಪತ್ರೆಗಳಲ್ಲಿ ರೋಗಿ ನೋವಿನಿಂದ ಚೀರಿದ ಮೇಲೆ ಮಾರ್ಫಿನ್ ಕೊಡುವುದು ರೂಢಿ. ನೋವು ಬರುವ ಮೊದಲೇ, ಗಡಿಯಾರ ನೋಡಿಕೊಂಡು, ಹೊತ್ತುಹೊತ್ತಿಗೆ ಬಾಯಿಯಲ್ಲಿ ಕೊಟ್ಟರೆ ರೋಗಿ ನೋವಿನ ದಾರಿ ಕಾಯುತ್ತ ನಡುಗುವುದು ತಪ್ಪುತ್ತದೆ ಎಂದು ಸಾಂಡರ್ಸ್ ಲೆಕ್ಕವಿಟ್ಟು ತೋರಿಸಿದರು. ಜೊತೆಗೇ ರೋಗಿಗಳ ಮಾತನ್ನು ಕೂತು ಕೇಳಿದರು. ಎಲ್ಲಿ ನೋವು ಎಂದರೆ ಒಬ್ಬರು ಬೆನ್ನಿನಿಂದ ಶುರುಮಾಡಿ ಗಂಡನ ಕೆಲಸ, ಮಕ್ಕಳ ಚಿಂತೆ, ದೇವರ ಮೌನದವರೆಗೆ ಹೋಗುತ್ತಿದ್ದರು. ಮೈ, ಮನಸ್ಸು, ಮನೆ, ಆತ್ಮ ನಾಲ್ಕೂ ಸೇರಿದ ಒಟ್ಟು ನೋವು ಎಂಬ ಅವರ ಕಲ್ಪನೆ ಹುಟ್ಟಿದ್ದು ಹೀಗೆ. 1967ರಲ್ಲಿ ಅವರು ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಇಂದಿನ ಉಪಶಾಮಕ ಆರೈಕೆಯ ತವರು. ಸಾಂಡರ್ಸ್ ಗಾಢ ಕ್ರೈಸ್ತ ಶ್ರದ್ಧೆಯವರು. ಆದರೆ ಆ ಮನೆಗೆ ಮೊದಲ ದೇಣಿಗೆ, 500 ಪೌಂಡ್, ಬಿಟ್ಟುಹೋದವನು 1948ರಲ್ಲಿ ಅವರ ಕಣ್ಣೆದುರು ಕ್ಯಾನ್ಸರಿನಿಂದ ತೀರಿಕೊಂಡ ಪೋಲೆಂಡಿನ ಯೆಹೂದಿ ಡೇವಿಡ್ ಟಾಸ್ಮಾ. ಅಲ್ಲಿ ಯಾವ ಮತದವರೂ, ಮತವೇ ಇಲ್ಲದವರೂ ಸಾಯಬಹುದಿತ್ತು. ಯಾರನ್ನೂ ಸಾಯುವ ಹೊತ್ತಿನಲ್ಲಿ ಮತಕ್ಕೆ ಎಳೆಯಬಾರದು ಎಂಬುದು ಅವರ ಕಟ್ಟುನಿಟ್ಟು. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ಸಿಗುವುದೇ ಕಷ್ಟವಾಗಿ, 2014ರ ತಿದ್ದುಪಡಿಯವರೆಗೆ ಎಷ್ಟೋ ರೋಗಿಗಳು ಹಲ್ಲು ಕಚ್ಚಿಕೊಂಡೇ ಹೋದರು ಎಂಬುದನ್ನೂ ಇಲ್ಲೇ ನೆನೆಯಬೇಕು.

ಕರ್ನಾಟಕದಲ್ಲಿ ಕ್ರೈಸ್ತ ನಂಬಿಕೆಯನ್ನು ಜನ ಕಂಡದ್ದು ಬೋಧನೆಗಿಂತ ಹೆಚ್ಚಾಗಿ ಆಸ್ಪತ್ರೆಗಳ ರೂಪದಲ್ಲೇ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಗುಳಿಗೆ ಹಂಚುತ್ತ ಶುರುಮಾಡಿದರು. ಹತ್ತು ವರ್ಷಕ್ಕೆ ಅದರ ಜೊತೆ ಕುಷ್ಠಧಾಮ ಎದ್ದಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1906ರದು. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗಾಗಿ ಬಾಗಿಲು ತೆರೆದದ್ದು 1923ರಲ್ಲಿ.

ಮನೆಯಲ್ಲೇ ಹಾಸಿಗೆ ಹಿಡಿದವರಿಗೆ ಸಿಗುವ ಸಾಂತ್ವನ ಇನ್ನೂ ಸರಳ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಫಾದರೋ ಸಿಸ್ಟರೋ ಅವರಿದ್ದಲ್ಲಿಗೇ ಪರಮಪ್ರಸಾದ ಒಯ್ಯುತ್ತಾರೆ. ಮಂಚದ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿಟ್ಟು ಮನೆಯವರು ಕಾಯುತ್ತಾರೆ. ಹತ್ತು ನಿಮಿಷದ ಕೆಲಸ. ಆದರೆ ಚರ್ಚಿಗೆ ಬರಲಾಗದವರನ್ನು ಚರ್ಚು ಲೆಕ್ಕದಿಂದ ತೆಗೆದಿಲ್ಲ ಎಂಬುದು ಆ ಹತ್ತು ನಿಮಿಷದಲ್ಲಿ ಖಾತ್ರಿಯಾಗುತ್ತದೆ. ಪ್ರಾಟೆಸ್ಟೆಂಟರಲ್ಲಿ ಸಭಾಪಾಲಕರ ಜೊತೆ ನಾಲ್ಕಾರು ಜನ ಬಂದು, ಒಂದು ಕೀರ್ತನೆ ಓದಿ, ಹಾಡಿ, ಕಾಫಿ ಕುಡಿದು ಹೋಗುತ್ತಾರೆ. ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದು ಯಾಕೋಬನ ಪತ್ರದಲ್ಲೇ ಇದೆ. ಶತಮಾನಗಳ ಕಾಲ ಕಥೋಲಿಕರು ಅದನ್ನು ಸಾಯುವವರಿಗೆ ಮಾತ್ರ ಮೀಸಲಿಟ್ಟು, ಫಾದರ್ ಎಣ್ಣೆ ಹಿಡಿದು ಬಂದರೆಂದರೆ ಮನೆಯಲ್ಲಿ ಅಳು ಶುರುವಾಗುವಂತೆ ಮಾಡಿಕೊಂಡಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ತಿದ್ದಿತು. 1972ರಲ್ಲಿ ಆರನೇ ಪೌಲ್ ಹೊರಡಿಸಿದ ಕ್ರಮದಂತೆ ಗಂಭೀರ ಕಾಯಿಲೆಯವರು, ವಯಸ್ಸಾಗಿ ಸೊರಗಿದವರು, ದೊಡ್ಡ ಆಪರೇಷನ್ನಿಗೆ ಹೊರಟವರು ಎಲ್ಲರೂ ಹಣೆಗೂ ಅಂಗೈಗೂ ಆ ತೈಲ ಹಚ್ಚಿಸಿಕೊಳ್ಳಬಹುದು. ಹಳೆಯ ಭಯ ಮಾತ್ರ ಪೂರ್ತಿ ಹೋಗಿಲ್ಲ. ಫಾದರನ್ನು ಕರೆಸೋಣ ಎಂದರೆ ಅಜ್ಜಿಗೆ ಗಾಬರಿಯಾದೀತು ಎಂದು ತಡೆಯುವ ಮೊಮ್ಮಕ್ಕಳು ಇನ್ನೂ ಇದ್ದಾರೆ. ಲೂರ್ದಿನ ದರ್ಶನದ ದಿನವಾದ ಫೆಬ್ರವರಿ 11ನ್ನು ಎರಡನೇ ಜಾನ್ ಪಾಲ್ 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಸಾರಿದರು. ಅಂದು ರೋಗಿಗಳನ್ನು ಚರ್ಚಿಗೇ ಕರೆತಂದು ಎಲ್ಲರೆದುರು ತೈಲ ಹಚ್ಚುವುದರಿಂದ ಈ ಭಯ ಸ್ವಲ್ಪ ಕರಗಿದೆ.

ಇಷ್ಟೆಲ್ಲದರ ಪಕ್ಕದಲ್ಲೇ ಮೈಕು ಹಿಡಿದು ಕುರುಡರಿಗೆ ಕಣ್ಣು ಕೊಡುತ್ತೇನೆ, ಇನ್ಸುಲಿನ್ ಬಿಸಾಡಿ ಎನ್ನುವವರೂ ಇದ್ದಾರೆ. ಗುಣವಾಗದಿದ್ದರೆ ರೋಗಿಯ ವಿಶ್ವಾಸವೇ ಸಾಲದು ಎಂದು ಕೈತೊಳೆದುಕೊಳ್ಳುತ್ತಾರೆ. ಕಾಯಿಲೆಯ ಮೇಲೆ ಅಪವಾದವನ್ನೂ ಹೊರಿಸಿ ಕಳಿಸುವ ಈ ವ್ಯಾಪಾರಕ್ಕೆ ಬರ್ನದೆತ್‌ಳನ್ನಾಗಲಿ, ಪೌಲನನ್ನಾಗಲಿ ಹೇಗೆ ವಿವರಿಸಬೇಕೋ ಗೊತ್ತಿಲ್ಲ. ಅವರ ವಿಶ್ವಾಸವೂ ಸಾಲದಾಗಿತ್ತೇ?

ರೋಗಿಯ ಪಕ್ಕ ಕೂರುವುದನ್ನು ಕಲಿಯಬೇಕಾದ ವಿದ್ಯೆಯೆಂದು ಮೊದಲು ಹಟ ಹಿಡಿದವರಲ್ಲಿ ಒಬ್ಬರು ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್. ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದು ಬಂದವರು. 1925ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಇಳಿಸಿದರು. ಪುಸ್ತಕ ಮುಚ್ಚಿ ರೋಗಿಗಳನ್ನೇ ಓದಿ ಎಂಬುದು ಅವರ ಪಾಠಕ್ರಮದ ಸಾರ. ಅಲ್ಲಿಂದ ಬೆಳೆದ ತರಬೇತಿ ಇಂದು ನಮ್ಮ ಮಿಷನ್ ಆಸ್ಪತ್ರೆಗಳಿಗೂ ಬಂದಿದೆ. ಕಲಿಯುವವರು ರೋಗಿಯೊಡನೆ ನಡೆದ ಮಾತುಕತೆಯನ್ನು ನೆನಪಿನಿಂದ ಅಕ್ಷರಶಃ ಬರೆದು ತಂದು ಗುರುವಿನ ಮುಂದೆ, ಸಹಪಾಠಿಗಳ ಮುಂದೆ ಇಡಬೇಕು. ಆಮೇಲೆ ಒಂದೊಂದೇ ಸಾಲನ್ನು ಹಿಡಿದು ವಿಚಾರಣೆ. ಆಕೆ ಅಳಲು ಶುರುಮಾಡಿದ ಕೂಡಲೇ ನೀವು ಪ್ರಾರ್ಥನೆ ಮಾಡೋಣವೇ ಎಂದಿರಲ್ಲ, ಅದು ಆಕೆಗೆ ಬೇಕಾಗಿತ್ತೋ, ಅಲ್ಲಿಂದ ಎದ್ದು ಹೊರಡಲು ನಿಮಗೆ ಬೇಕಾಗಿತ್ತೋ?